ಹೊರಗಿನ ಕೋಣೆಯ ಕುರ್ಚಿಗಳು

ಆಗಸ್ಟ್ 4, ಸೋಮವಾರ

ಈ ಡೈರಿ ಬೀಜದ ಅಂಗಡಿಯವರು ಹೋದ ವರ್ಷ ಕೊಟ್ಟದ್ದು. ಪುಟದ ಮೇಲೆ ಅಚ್ಚಾದ ವಾರ ಬೇರೆ, ಇವತ್ತಿನ ವಾರ ಬೇರೆ. ಹೊಡೆದುಹಾಕಿ ಮೇಲೆ ಬರೆದಿದ್ದೇನೆ. ದವಾಖಾನೆಯ ಡಾಕ್ಟರಮ್ಮ ನಿದ್ದೆಗೆ ಗುಳಿಗೆ ಕೊಡಲಿಲ್ಲ. “ನಿಮ್ಮ ಚಿಂತಿ ಎಲ್ಲಾ ಒಂದು ವಹಿಯೊಳಗ ಬರೀರಿ, ಬರದು ಮುಚ್ಚಿ ಇಡ್ರಿ” ಎಂದರು. ಬರೆದರೆ ಚಿಂತೆ ಹೋಗುತ್ತದೋ, ಇಲ್ಲಾ ಒಂದಿದ್ದದ್ದು ಎರಡು ಕಡೆ ಆಗುತ್ತದೋ, ನೋಡಬೇಕು.

ಇವತ್ತು ಹೊಸ ಕೆಲಸಕ್ಕೆ ಸೇರಿದೆ. ವಿಶ್ವವಿದ್ಯಾಲಯದ ಹಿಂದಿನ ಕಟ್ಟಡ. ಬಾಗಿಲ ಮೇಲೆ ಮನೋವಿಜ್ಞಾನ ಪ್ರಯೋಗಾಲಯ ಎಂದು ಬರೆದಿದೆ. ಪ್ರಯೋಗಾಲಯ ಅಂದರೆ ಕಪ್ಪೆ, ಗಾಜಿನ ನಳಿಗೆ, ಕೆಟ್ಟ ವಾಸನೆ ಇರುತ್ತವೆ ಅಂದುಕೊಂಡಿದ್ದೆ. ಇಲ್ಲಿ ಒಳಗೊಂದು ಕೋಣೆ, ಹೊರಗೊಂದು ಕೋಣೆ, ಸಾಮಾನು ಇಡುವ ಸಣ್ಣ ಕೋಣೆ, ಕಂಪ್ಯೂಟರುಗಳು. ಮನಸ್ಸನ್ನು ಎಲ್ಲಿಟ್ಟಿದ್ದಾರೋ ಕಾಣಲಿಲ್ಲ.

ದೊಡ್ಡವರು ದುರ್ಗಾ ಮೇಡಂ, ಶಿರಹಟ್ಟಿಯವರು. ಅವರ ಕೈಕೆಳಗೆ ಸಂಶೋಧನೆ ಮಾಡುವವರು ಲೋಹಿತ ಸರ್, ಬೆಳ್ಳಟ್ಟಿಯವರು, ನನಗಿಂತ ಬಹಳ ಸಣ್ಣವರು.

“ಬನಶಂಕರೆವ್ವ, ಕಸಾ ಹೊಡೀಬೇಕು, ಚಹಾ ಮಾಡಬೇಕು” ಎಂದರು ಮೇಡಂ. “ಪರೀಕ್ಷಾಕ್ಕ ಅಂತ ಮಂದಿ ಬರತಾರ. ಹೊರಗಿನ ಕೋಣ್ಯಾಗ ಕುಂಡ್ರಾಕ ಹೇಳ್ರಿ. ಆಮ್ಯಾಲೆ ಲೋಹಿತ ಒಳಗ ಕರೀತಾನ. ಕುರ್ಚಿ ಎಲ್ಲಾ ಮೂಲ್ಯಾಗ ಒಂದರ ಮ್ಯಾಲೆ ಒಂದು ಇರಬೇಕು.”

“ಅದು ಏನು ಪರೀಕ್ಷಾರಿ ಮೇಡಂ?”

“ಅದನ್ನ ಮಾತ್ರ ಕೇಳಬ್ಯಾಡ್ರಿ. ನಿಮಗ ಗೊತ್ತಾದ್ರ ಕೆಲಸ ಕೆಡತೈತಿ.”

ಗೊತ್ತಿಲ್ಲದೆ ಮಾಡಿದರೆ ಕೆಲಸ ಕೆಡುವುದಿಲ್ಲ ಎಂಬುದನ್ನು ನನ್ನ ಜನ್ಮದಲ್ಲಿ ಮೊದಲ ಸಲ ಕೇಳಿದೆ. ದೀಪಾವಳಿಯ ತನಕ ನೋಡುತ್ತಾರಂತೆ, ಚೆನ್ನಾಗಿ ನಡೆದರೆ ಮುಂದೆಯೂ ಇಟ್ಟುಕೊಳ್ಳುತ್ತಾರಂತೆ. ಇಟ್ಟುಕೊಳ್ಳದಿದ್ದರೆ ಏನು ಮಾಡಲಿ? ಮಗ್ಗದ ಮೇಲೆ ಕೂರಬಾರದು ಎಂದು ಭುಜದ ಎಲುಬಿನ ಡಾಕ್ಟರು ಹೇಳಿಬಿಟ್ಟಿದ್ದಾರೆ. ಮಗಳು ಅಂಕಿತಾಳದು ಡಿಗ್ರಿಯ ಕಡೆಯ ವರ್ಷ. ನಮ್ಮ ಯಜಮಾನರು, ಇವರೊಬ್ಬರೇ ನೇಯ್ದು ಎಷ್ಟು ನೇಯ್ದಾರು. ನಾನು ಓದಿದ್ದೂ ಅಷ್ಟರಲ್ಲೇ ಇದೆ. ಆರನೆಯ ತರಗತಿಗೆ ಅಪ್ಪ ತೀರಿಕೊಂಡ, ಮಗ್ಗಕ್ಕೆ ನೂಲಿನ ಕಂಡಕಿ ಸುತ್ತಲು ಕೂತೆ. ಮದುವೆಯಾದ ಮೇಲೆ ರಾತ್ರಿ ಶಾಲೆಯಲ್ಲಿ ಏಳನೆಯದು ಮುಗಿಸಿದೆ. ಹತ್ತನೆಯದಕ್ಕೆ ಹೊರಗಿನಿಂದ ಕಟ್ಟಿದರೆ ಇಂಗ್ಲಿಷು ಬಿಡಲಿಲ್ಲ. ಇಂಥವಳಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ.

ಆಗಸ್ಟ್ 6, ಬುಧವಾರ

ಹಾಲು ಒಡೆಯಲಿಲ್ಲ. ಎರಡು ದಿನದಿಂದ ಅದೇ ಹೆದರಿಕೆಯಿತ್ತು.

ನಾನು ಕಸ ಹೊಡೆದು ಬರುವುದರೊಳಗೆ ಹೊರಗಿನ ಕೋಣೆಯಲ್ಲಿ ಒಬ್ಬ ಹಿರಿಯರು ಬಂದು ಕೂತಿದ್ದರು. ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಶ್ರಾವಣ ಮಾಸದಲ್ಲಿ ಬೆಳಿಗ್ಗೆ ಬೆಳಿಗ್ಗೆ ಇಂಥವರ ದರ್ಶನವಾಯಿತಲ್ಲ ಎಂದು ಸೆರಗು ಹೊದ್ದು ಕಾಲಿಗೆ ಬಿದ್ದೆ. ಅವರು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು. ದೊಡ್ಡವರು ಹಾಗೆಯೇ.

ಯಾಕೋ ಅವರ ಮುಂದೆ ಎಲ್ಲ ಹೇಳಬೇಕು ಅನ್ನಿಸಿತು. ಭುಜದ ನೋವು ಹೇಳಿದೆ, ಅಂಕಿತಾಳ ವಿಷಯ ಹೇಳಿದೆ, “ಈ ಕೆಲಸ ಹೋದ್ರ ಹೆಂಗರಿ ಅಜ್ಜಾರ” ಎಂದು ಕಣ್ಣಲ್ಲಿ ನೀರೂ ತಂದುಕೊಂಡೆ. “ಹೋಗಂಗಿಲ್ಲ ತಂಗಿ, ಸುಮ್ನ ಧೈರ್ಯ ತಗೋ” ಎಂದರು. ಧ್ವನಿ ಗಂಟೆಯ ಹಾಗಿದೆ.

ಆಮೇಲೆ ಶಿಗ್ಲಿಯ ಒಬ್ಬ ಮಾಸ್ತರರು ಪರೀಕ್ಷೆಗೆ ಬಂದರು. ಕುಂಡ್ರಿ ಎಂದೆ. ಅವರು ಮೂಲೆಗೆ ಹೋಗಿ ತಾವೇ ಕುರ್ಚಿ ಎತ್ತಲು ಕೈಹಾಕಿದರು. ನನಗೆ ನಾಚಿಕೆಯಾಯಿತು. ಬಂದವರು ತಮ್ಮ ಕುರ್ಚಿ ತಾವೇ ಹೊತ್ತುಕೊಂಡು ಕೂರುವುದೆಂದರೆ, ಇದ್ದವರು ಸತ್ತಿದ್ದಾರೆ ಎಂದು ಅರ್ಥವೇ? ಓಡಿ ಹೋಗಿ ಕಸಿದುಕೊಂಡೆ. ಚಹಾ ಇಡಲು ಇರುವುದು ಒಂದೇ ಸ್ಟೂಲು, ಅದಕ್ಕೆ ಕುರ್ಚಿಯನ್ನು ಅಜ್ಜಾರ ಪಕ್ಕಕ್ಕೇ ಹಾಕಿ ನಡುವೆ ಸ್ಟೂಲಿಟ್ಟು ಇಬ್ಬರಿಗೂ ಚಹಾ ಕೊಟ್ಟೆ. ಚೆಂದ ಕೂತು ಕುಡಿದರು.

ಮಾಸ್ತರರು ಒಳಗೆ ಹೋದ ಮೇಲೆ ಕುರ್ಚಿ ಮುಟ್ಟಬಾರದು ಎಂದು ಲೋಹಿತ ಸರ್ ಹೇಳಿದ್ದಾರೆ. ಮುಟ್ಟಲಿಲ್ಲ. ಅವರು ಟೇಪು ಹಿಡಿದು ಬಂದು ನೆಲ ಅಳೆದುಕೊಂಡು ಹೋದರು. ಹೊಸ ಜಮಖಾನೆ ತರುವವರಿರಬೇಕು.

ಆಗಸ್ಟ್ 8, ಶುಕ್ರವಾರ

ಇವತ್ತು ಅಜ್ಜಾರು ಬರಲಿಲ್ಲ. ಅವರ ಕುರ್ಚಿಯಲ್ಲಿ ಒಬ್ಬ ಸಾಬರು ಕೂತಿದ್ದರು, ತಲೆಗೆ ಟೊಪ್ಪಿಗೆ, ಎದೆಯ ತನಕ ಬಿಳಿ ಗಡ್ಡ. ನಾನು ಬಾಗಿಲ ಹತ್ತಿರವೇ ನಿಂತೆ. ಕೆಟ್ಟವರು ಅಂತಲ್ಲ. ನಮ್ಮ ಓಣಿಯಲ್ಲಿ ಅವರ ಮನೆಗಳಿಲ್ಲ, ರೂಢಿ ಇಲ್ಲ, ಅಷ್ಟೇ. ಅವರಿಗೆ ಪೇಪರ್ ಕಪ್ಪಿನಲ್ಲಿ ಚಹಾ ಕೊಟ್ಟೆ. “ಚಹಾ ಚಲೋ ಆಗೇತಿ ತಂಗಿ” ಎಂದರು. ಈ ಧ್ವನಿ ಎಲ್ಲೋ ಕೇಳಿದ್ದೇನೆ.

ಮುಂಡರಗಿಯ ಒಬ್ಬ ಹುಡುಗಿ ಬಂದಳು. ಪಾಪ, ಅವರ ಪಕ್ಕ ಕೂರಲು ಆಕೆಗೆ ಹೇಗೋ ಏನೋ. ಆದರೆ ಏನು ಮಾಡುವುದು, ಸ್ಟೂಲು ಒಂದೇ, ಚಹಾ ತೊಡೆಯ ಮೇಲೆ ಚೆಲ್ಲಿದರೆ ಹೊಣೆ ಯಾರು. ಅಲ್ಲೇ ಹಾಕಿ ಕೂರಿಸಿದೆ.

ಆಗಸ್ಟ್ 11, ಸೋಮವಾರ

ಎರಡು ಸಾಲು ಬರೆದು ಎರಡನ್ನೂ ಹೊಡೆದುಹಾಕಿದೆ.

ಕಸಬರಿಗೆ ತರಲು ಸಾಮಾನಿನ ಕೋಣೆಯ ಬಾಗಿಲು ತೆಗೆದೆ. ಒಳಗೆ ಕನ್ನಡಿಯ ಮುಂದೆ ಒಬ್ಬರು ನಿಂತಿದ್ದರು. ಹಣೆಗೆ ವಿಭೂತಿ ಬಳಿದುಕೊಳ್ಳುತ್ತಿದ್ದಾರೆ, ಪಕ್ಕದ ಮೊಳೆಯ ಮೇಲೆ ಆ ಬಿಳಿ ಗಡ್ಡ ನೇತಾಡುತ್ತಿದೆ. ನನಗೆ ಮೊದಲು ಏನೂ ತಿಳಿಯಲಿಲ್ಲ. ಅಜ್ಜಾರೂ ಇವರೇ, ಸಾಬರೂ ಇವರೇ.

“ಯಾರ್ರಿ ನೀವು?”

“ಮಹಬೂಬಸಾಬ. ಲಕ್ಷ್ಮೇಶ್ವರದಾಂವ. ಕಂಪನಿ ನಾಟಕದಾಗ ಪಾರ್ಟು ಮಾಡತಿದ್ದೆ, ಈಗ ಕಂಪನಿ ಮುಚ್ಚೇತಿ. ಮೇಡಂ ವೇಷ ಹಾಕ್ಕೊಂಡು ಸುಮ್ನ ಕುಂಡ್ರು ಅಂದಾರ. ಒಂದಿನ ಇದು, ಒಂದಿನ ಅದು.” ಕನ್ನಡಿಯಲ್ಲೇ ನನ್ನನ್ನು ನೋಡಿ ಕಣ್ಣು ಸಣ್ಣ ಮಾಡಿದರು. “ನಾಟಕದಾಗ ಕಾಲಿಗೆ ಬಿದ್ದವ್ರನ್ನೂ ಕಂಡೀನಿ, ಚಪ್ಪಲಿ ಎಸದವ್ರನ್ನೂ ಕಂಡೀನಿ. ಕಾಲಿಗೂ ಬಿದ್ದು, ಪೇಪರ್ ಕಪ್ಪೂ ಕೊಟ್ಟಾಕಿ ನೀ ಒಬ್ಬಾಕಿ ತಂಗಿ.”

ನಗುತ್ತಿದ್ದರು. ನನಗೆ ನಗಲು ಬರಲಿಲ್ಲ. ಕಸಬರಿಗೆಯನ್ನೂ ಬಿಟ್ಟು ಬಂದೆ.

ಮನೆಯಲ್ಲಿ ಇವರು ಮಗ್ಗದ ಕುಣಿಯಲ್ಲಿದ್ದರು. “ಏನ್ರಿ, ಕಾಲಿಗೆ ಬಿದ್ದದ್ದನ್ನ ವಾಪಸ್ ತಗೊಳ್ಳಾಕ ಬರತೈತೇನು?” ಎಂದು ಕೇಳಿದೆ. ಎಲ್ಲ ಹೇಳಿದ ಮೇಲೆ ಇವರು ಲಾಳಿ ನಿಲ್ಲಿಸಲೂ ಇಲ್ಲ. “ಹಿರ್ಯಾರು ಅಂತ ಬಿದ್ದಿ. ಹಿರ್ಯಾರ ಅದಾರಲ್ಲ. ಹೋಗು, ರೊಟ್ಟಿ ಬಡಿ.”

ಇವರಿಗೆ ಎಲ್ಲ ಹಗುರ. ನನಗೆ ಈಗ ಬೇರೆಯದೇ ಹೊಳೆಯುತ್ತಿದೆ. ಇದು ಮನಸ್ಸು ನೋಡುವ ಜಾಗ. ನನಗೆ ಏನೂ ಹೇಳಬಾರದು ಎಂದಿದ್ದಾರೆ. ಒಬ್ಬರನ್ನೇ ಎರಡು ವೇಷದಲ್ಲಿ ನನ್ನ ಮುಂದೆ ತಂದು ಕೂರಿಸಿದ್ದಾರೆ. ಅಂದರೆ ಪರೀಕ್ಷೆ ನನ್ನ ಮೇಲೆಯೇ ನಡೆದಿದೆಯೇ? ಪೇಪರ್ ಕಪ್ಪಿನದು ಎಲ್ಲಾದರೂ ಬರೆದುಕೊಂಡಿದ್ದಾರೆಯೇ?

ಆಗಸ್ಟ್ 13, ಬುಧವಾರ

ತಡೆಯಲಾರದೆ ಲೋಹಿತ ಸರ್ ಅವರನ್ನೇ ಕೇಳಿಬಿಟ್ಟೆ.

“ಸರ್, ಪರೀಕ್ಷಾ ನನ್ನ ಮ್ಯಾಲೆ ನಡದೈತೇನ್ರಿ?”

“ನಿಮ್ಮ ಮ್ಯಾಲೇನ್ರಿ ಅವ್ವಾರ? ಅಷ್ಟು ಧೈರ್ಯ ನಮಗ ಎಲ್ಲೈತಿ.”

ಇದು ಹೌದೋ ಅಲ್ಲವೋ ತಿಳಿಯಲಿಲ್ಲ. ಇರಲಿ ಎಂದು ಇವತ್ತು ಮಹಬೂಬಸಾಬರಿಗೆ ಗಾಜಿನ ಗ್ಲಾಸಿನಲ್ಲೇ ಚಹಾ ಕೊಟ್ಟೆ. ಆಮೇಲೆ ಆ ಗ್ಲಾಸು ಬೇರೆ ತೊಳೆದಿಟ್ಟೆ. ಬರೆದುಕೊಳ್ಳುವವರು ಬರೆದುಕೊಳ್ಳಲಿ, ಗ್ಲಾಸು ಕೊಟ್ಟಿದ್ದಾಳೆ ಎಂದೇ ಬರೆಯಬೇಕು.

ಆಗಸ್ಟ್ 20, ಬುಧವಾರ

ನಾಲ್ಕಾರು ದಿನ ಬರೆಯಲಿಲ್ಲ. ಭುಜ ಹಿಡಿದುಕೊಂಡಿತ್ತು.

ಇವತ್ತು ಟೊಪ್ಪಿಗೆಯ ದಿನ. ಅಂತೂರ ಬೆಂತೂರದಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು, ಹೊಲದ ಕೆಲಸದವಳು, ಹೆಸರು ಹನಮಂತವ್ವ. ಒಳಗೆ ಬಂದು ಮಹಬೂಬಸಾಬರನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಕುರ್ಚಿ ಹಾಕಿ, ಕೈಹಿಡಿದು ಕೂರಿಸಿ, ಚಹಾ ಕೊಟ್ಟೆ. ಒಂದು ಗುಟುಕು ಕುಡಿದಳು. ಎರಡನೆಯ ಗುಟುಕಿಗೆ ಶುರುವಾಯಿತು. “ಈ ವರ್ಷ ಉಳ್ಳಾಗಡ್ಡಿ ಎಲ್ಲಾ ಕೊಳತು ಹೋದ್ವು ನೋಡ್ರಿ. ನಿಮ್ಮ ಕಡೆ ಹೆಂಗ?” ಮಹಬೂಬಸಾಬರು ಮಾತಾಡಬಾರದೆಂದು ಅಪ್ಪಣೆ ಇದೆ, ಬರೀ ತಲೆಯಾಡಿಸಿದರು. ಆಕೆಗೆ ಅಷ್ಟು ಸಾಕಾಯಿತು. ಸೊಸೆಯ ತನಕ ಬಂದಳು. ಲೋಹಿತ ಸರ್ ಬಾಗಿಲು ತೆಗೆದಾಗ ಕಥೆ ಅರ್ಧವಾಗಿತ್ತು, ಎದ್ದು ಹೋಗಲು ಆಕೆಗೆ ಮನಸ್ಸೇ ಇರಲಿಲ್ಲ.

ಮಧ್ಯಾಹ್ನ ಮಹಬೂಬಸಾಬರು ಡಬ್ಬಿ ಬಿಚ್ಚಿದರು. ಬದನೆಕಾಯಿ ಎಣ್ಣೆಗಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. “ಒಂದು ತಗೋ ತಂಗಿ, ಮನ್ಯಾಗ ಮಾಡ್ಯಾರ” ಎಂದರು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. ಸಜ್ಜೆ ರೊಟ್ಟಿಯ ವಾಸನೆ ಸಂಜೆಯ ತನಕ ಮೂಗಿನಲ್ಲಿತ್ತು.

ಆಗಸ್ಟ್ 25, ಸೋಮವಾರ

ಒಳಗೆ ಜಗಳದ ಹಾಗೆ ಮಾತು ನಡೆದಿತ್ತು. ಚಹಾ ಒಯ್ದವಳು ಬಾಗಿಲಲ್ಲೇ ನಿಂತೆ.

“ಇದು ಹೆಂಗ ಸಾಧ್ಯ ಲೋಹಿತ?” ಎಂದು ಮೇಡಂ ಕೇಳುತ್ತಿದ್ದರು. “ವಿಭೂತಿ ಹಚ್ಚಿದ್ರೂ ಅಷ್ಟ ಹತ್ರ, ಟೊಪ್ಪಿಗಿ ಹಾಕಿದ್ರೂ ಅಷ್ಟ ಹತ್ರ. ಎಲ್ಲಾರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಂಡ್ರತಾರಂದ್ರ ನಂಬಾಕ ಆಗತೈತೇನು? ಅದೂ ಈಗಿನ ಕಾಲದಾಗ?”

“ಮಹಬೂಬಸಾಬ್ರು ಮಾತಾಡಸ್ತಾರಂತ ಕಾಣತೈತ್ರಿ ಮೇಡಂ. ಮೊನ್ನೆ ನಾನ ಕೇಳೀನಿ, ಉಳ್ಳಾಗಡ್ಡಿ ಮಾತು ನಡದಿತ್ತು.”

ಅಂತೂ ಪರೀಕ್ಷೆ ಯಾವುದು ಎಂದು ಇವತ್ತು ಗೊತ್ತಾಯಿತು. ಬಂದವರು ಯಾವ ವೇಷದವರಿಂದ ಎಷ್ಟು ದೂರ ಕೂರುತ್ತಾರೆ ಎಂದು ನೋಡುವುದು. ಅಂದರೆ ನನ್ನ ಮೇಲೆ ಅಲ್ಲ. ಅರ್ಧ ಎದೆ ಹಗುರವಾಯಿತು. ಇನ್ನರ್ಧ ಭಾರವಾಯಿತು. ಈ ಕೆಲಸ ಕೆಟ್ಟರೆ ಪ್ರಯೋಗಾಲಯವನ್ನೇ ಮುಚ್ಚುತ್ತಾರೋ ಏನೋ, ಆಗ ನನ್ನ ಗತಿ? ಆದರೆ ನನ್ನ ಕಡೆಯಿಂದ ಏನೂ ತಪ್ಪಿಲ್ಲ. ಕಸ ಹೊಡೆದಿದ್ದೇನೆ, ಬಂದವರಿಗೆಲ್ಲ ಕುರ್ಚಿ ಹಾಕಿದ್ದೇನೆ, ಚಹಾ ಕೊಟ್ಟಿದ್ದೇನೆ.

ಆಗಸ್ಟ್ 29, ಶುಕ್ರವಾರ

ಗಣಪತಿ ಹಬ್ಬಕ್ಕೆ ಕಡುಬು ಮಾಡಿ ಭುಜ ಮತ್ತೆ ಹಿಡಿಯಿತು. ನಿನ್ನೆ, ಇವತ್ತು ರಜೆ ಹಾಕಿದೆ. ನನ್ನ ಬದಲು ಆಫೀಸಿನ ಸಿಪಾಯಿ ಕೊಟ್ರಪ್ಪ ಹೋಗಿದ್ದಾನೆ. ಬಾಗಿಲ ಹೊರಗೆ ಮೊಬೈಲು ಹಿಡಿದು ಕೂರುವವನು. ಬಂದವರಿಗೆ ನೀರಾದರೂ ಕೇಳುತ್ತಾನೋ ಇಲ್ಲವೋ.

ಸೆಪ್ಟೆಂಬರ್ 1, ಸೋಮವಾರ

ಮಹಬೂಬಸಾಬರನ್ನು ತೆಗೆಯುತ್ತಾರೆ.

ನಾನಿಲ್ಲದ ಎರಡು ದಿನ ಬಂದವರೆಲ್ಲ ದೂರ ಕೂತರಂತೆ. ಟೊಪ್ಪಿಗೆಯ ದಿನವಂತೂ ಎದುರಿನ ಗೋಡೆಗೆ ಹೋಗಿ ಕೂತರಂತೆ. ಲೋಹಿತ ಸರ್ ಅವರಿಗೆ ಲೆಕ್ಕ ಸಿಕ್ಕಿಬಿಟ್ಟಿದೆ. ಬಾಯಿ ಮುಚ್ಚಿಕೊಂಡು ಕೂರಿ ಎಂದು ಮಹಬೂಬಸಾಬರಿಗೆ ಹಬ್ಬಕ್ಕಿಂತ ಮೊದಲೇ ಬೈದಿದ್ದರು, ಬೈದ ಮೇಲೆ ಅವರು ಸುಮ್ಮನಾದರು, ಸುಮ್ಮನಾದ ಕೂಡಲೇ ಮಂದಿ ದೂರ ಕೂತರು. ಇಷ್ಟು ದಿನ ಮಾತಾಡಿಸಿ ಕೆಡಿಸಿದ್ದು ಮಹಬೂಬಸಾಬರೇ ಎಂದು ಸರ್ ಲೆಕ್ಕ. ನಾಳೆಯ ದಿನ ಕಡೆಯದು ಎಂದು ಹೇಳಿದ್ದಾರೆ.

ಅವರು ಸಾಮಾನಿನ ಕೋಣೆಯಲ್ಲಿ ಗಡ್ಡವನ್ನು ಬಾಚಿ ಪೆಟ್ಟಿಗೆಯಲ್ಲಿಡುತ್ತಿದ್ದರು.

“ರಾಜನ ಪಾರ್ಟಿನಾಗೂ ಒಂದು ಮಾತು ಹೆಚ್ಚಿಗಿ ಆಡಿದಾಂವಲ್ಲ ನಾನು” ಎಂದರು. “ಬಾಯಿ ಮುಚ್ಚಂದ್ರ ಮುಚ್ಚೀನಿ. ಮಾತಾಡಿದೆ ಅಂತಾರಲ್ಲ, ಅದೊಂದು ಬ್ಯಾನಿ ಆತು.”

“ಮತ್ತ ಅವ್ರು ಯಾಕ ದೂರ ಕುಂತ್ರು?”

“ಕುರ್ಚಿ ತಾವ ತಗೊಂಡ್ರು, ತಮಗ ಬೇಕಾದಲ್ಲಿ ಹಾಕ್ಕೊಂಡ್ರು.”

ಅಷ್ಟು ಹೇಳಿ ಅವರು ಬಾಚಣಿಗೆ ಹುಡುಕಲು ತಿರುಗಿಕೊಂಡರು. ಮೂಲೆಯಲ್ಲಿ ಒಟ್ಟಿದ ಕುರ್ಚಿ, ಟೇಪು, ಮುಟ್ಟಬೇಡಿ ಎಂದದ್ದು, ಎಲ್ಲ ಒಂದರ ಹಿಂದೆ ಒಂದು ಬಂದವು.

“ಕಾಕಾ, ನಿಮಗ ಗೊತ್ತಿತ್ತೇನ್ರಿ? ಇದು ನನ್ನಿಂದ ಆಗೇತಂತ?”

“ಬೈಸಿಕೊಂಡ ದಿನಾನ ಗೊತ್ತಾತು. ಬಾಯಿ ಮುಚ್ಚಿದ್ದೆ, ಕಣ್ಣು ಮುಚ್ಚಿದ್ದಿಲ್ಲ.”

“ಮತ್ತ ಹೇಳಲಿಲ್ಲ?”

“ಈ ಕೆಲಸ ಹೋದ್ರ ಹೆಂಗ ಅಂತ ಕಣ್ಣೀರು ಹಾಕಿದ್ದಿಯಲ್ಲ.”

“ಅದನ್ನ ನಾನು ಅಜ್ಜಾರ ಮುಂದ ಹೇಳಿದ್ದೆ.”

“ಕೇಳಿದಾಂವ ನಾನ ಅಲ್ಲೇನು?”

ಸಂಜೆಯಿಂದ ಒಂದು ತುತ್ತೂ ಉಂಡಿಲ್ಲ. ಹೇಳಿದರೆ ನನ್ನ ಕೆಲಸ. ಹೇಳದಿದ್ದರೆ ಆ ಮನುಷ್ಯನ ಮೇಲೆ ಸುಳ್ಳು ಮಾತು. ನಾಟಕದವರಿಗೆ ಇನ್ನೊಂದು ಕಡೆ ಸಿಗಬಹುದು ಎಂದು ಒಂದು ಮನಸ್ಸು. ಈ ವಯಸ್ಸಿನಲ್ಲಿ ಎಲ್ಲಿ ಸಿಗುತ್ತದೆ, ಕಂಪನಿಯೇ ಮುಚ್ಚಿದೆ ಎಂದು ಇನ್ನೊಂದು ಮನಸ್ಸು. ಮಗ್ಗದ ಹತ್ತಿರ ಹೋಗಿ ಇವರನ್ನು ಕೇಳಿದೆ. “ಎಳಿ ಕಡದದ್ದು ನನಗ ಕಂಡ ಮ್ಯಾಲೆ ನಾನಂತೂ ಮಗ್ಗ ನಿಲ್ಲಸ್ತೀನಿ” ಎಂದರು, ಅದು ಸೀರೆಯ ಮಾತೋ ನನ್ನ ಮಾತೋ ತಿಳಿಯಲಿಲ್ಲ. ಅಂಕಿತಾ ಪುಸ್ತಕದಿಂದ ತಲೆ ಎತ್ತಿ, “ಅವ್ವಾ, ಹೇಳಿದ್ರ ನಿನ್ನ ಕೆಲಸ ಹೋಗಬೌದು. ಹೇಳದಿದ್ರ ನೀ ನಮ್ಮನ್ನೆಲ್ಲಾ ಬಿಡೂದಿಲ್ಲ, ವರ್ಷಗಟ್ಟಲೆ ಹೇಳ್ಕೋಂತ ಕುಂಡ್ರತಿ. ನನ್ನ ಪರೀಕ್ಷಾ ಅದಾವ, ಹೇಳಿ ಬಾ” ಎಂದಳು.

ಸೆಪ್ಟೆಂಬರ್ 2, ಮಂಗಳವಾರ

ಹೇಳಿದೆ.

“ಮೇಡಂ, ಮಹಬೂಬಸಾಬ್ರು ಬಾಯಿ ಬಿಟ್ಟಿಲ್ರಿ. ಕುರ್ಚಿ ಹಾಕಿದಾಕಿ ನಾನು.”

“ಅಂದ್ರ?”

“ಬಂದವ್ರು ತಾವ ಹೊತಗೊಂಡು ಕುಂಡ್ರೋದು ನೋಡಾಕ ಆಗಲಿಲ್ರಿ. ಸ್ಟೂಲೂ ಒಂದ ಇತ್ತು.”

“ಎಷ್ಟು ಮಂದಿಗೆ ಹಾಕೀರಿ?”

“ನಾ ಇದ್ದ ದಿನ ಎಲ್ಲಾರಿಗೂ ಹಾಕೀನ್ರಿ.”

ಲೋಹಿತ ಸರ್ ಗೋಡೆಗೆ ತಲೆ ಹಚ್ಚಿ ನಿಂತುಬಿಟ್ಟರು. ಮೇಡಂ ಹೊರಗಿನ ಕೋಣೆಗೆ ಬಂದರು. ಟೊಪ್ಪಿಗೆಯ ವೇಷದಲ್ಲಿ ಕಾಕಾ ಕೂತಿದ್ದರು. “ಹೆಂಗ ಹಾಕತಿದ್ರಿ, ತೋರಸ್ರಿ. ನಾನು ಪರೀಕ್ಷಾಕ್ಕ ಬಂದಾಕಿ ಅಂತ ತಿಳಕೊಳ್ರಿ” ಎಂದರು. ಕೆಲಸ ತಾನೇ ನಡೆಯಿತು. ಕುರ್ಚಿ ತಂದೆ, ಸೆರಗಿನಿಂದ ಒರೆಸಿದೆ, ಕಾಕಾನ ಪಕ್ಕ ಹಾಕಿದೆ, ಸ್ಟೂಲಿಟ್ಟೆ, ಚಹಾ ಕೊಟ್ಟೆ. ಮೇಡಂ ಕೂತರು. ಒಂದು ಗುಟುಕು ಕುಡಿದು ಕಾಕಾನ ಕಡೆ ತಿರುಗಿ, “ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?” ಎಂದರು. ಎಂದವರು ಥಟ್ಟನೆ ಬಾಯಿ ಮುಚ್ಚಿಕೊಂಡು ಗ್ಲಾಸನ್ನೇ ನೋಡತೊಡಗಿದರು.

ಕಾಕಾ ತಲೆಯಾಡಿಸಿದರು. ಮಾತಾಡಬಾರದಲ್ಲ.

ಮೇಡಂ ಎದ್ದರು. ಮುಖದಲ್ಲಿ ಸಿಟ್ಟಿತ್ತೋ ಏನಿತ್ತೋ, ತಲೆ ಎತ್ತಿ ನೋಡುವ ಧೈರ್ಯ ನನಗಾಗಲಿಲ್ಲ. “ನೀವು ಮನಿಗೆ ಹೋಗ್ರಿ. ನಾನು ಹೇಳಿ ಕಳಸೂತನಕಾ ಬರಬ್ಯಾಡ್ರಿ” ಎಂದರು.

ಸೆಪ್ಟೆಂಬರ್ 3, ಬುಧವಾರ

ಖಬರ ಇಲ್ಲ.

ಮೊಬೈಲು ಬಂದ್ ಮಾಡಿ ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಫೋನು ಬರದಿದ್ದರೆ ತೆಗೆದಿದ್ದೇವೆ ಎಂದು ಹೇಳಲು ಅವರಿಗೆ ಆಗುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಇವತ್ತೂ ಇಲ್ಲ. ಒಂದು ಕೈಯಿಂದಲೇ ಕಂಡಕಿ ಸುತ್ತಿದೆ. ದಾರ ಎರಡು ಸಲ ಗಂಟಾಯಿತು. ಇವರು ಬೈಯಲಿಲ್ಲ. ಬೈಯದಿದ್ದರೆ ಇನ್ನೂ ಹೆದರಿಕೆ.

ಸೆಪ್ಟೆಂಬರ್ 5, ಶುಕ್ರವಾರ

ಇವತ್ತು ಈದ್ ಮಿಲಾದ್, ಆಫೀಸು ಕಾಲೇಜುಗಳಿಗೆಲ್ಲ ರಜೆ. ಮಧ್ಯಾಹ್ನ ಹೊರಗೆ ಯಾರೋ ಇವರ ಹೆಸರು ಹಿಡಿದು “ಬಾಬಣ್ಣನ ಮನಿ ಯಾವ್ದು?” ಎಂದು ಕೇಳುವುದು ಕೇಳಿಸಿತು. ಆ ಗಂಟೆಯಂಥ ಧ್ವನಿ. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು, ಎಲ್ಲ ಬಾಗಿಲಿಂದ ತಲೆಗಳು ಹೊರಬಂದವು. ಕಾಕಾ ವೇಷವಿಲ್ಲದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಕೈಯಲ್ಲಿ ಒಂದು ಡಬ್ಬಿ.

“ಏನವ್ವಾ ನೀನು, ಸತ್ತಿಯೋ ಅದಿಯೋ? ಲೋಹಿತ ಸರ್ ಮೂರು ದಿನದಿಂದ ಫೋನ್ ಹಚ್ಚಿ ಹಚ್ಚಿ ಸಾಕಾಗ್ಯಾರ. ಸೋಮವಾರದಿಂದ ಬಾ ಅಂದಾರ ಮೇಡಂ. ನಿನ್ನ ಮನಿ ಯಾರಿಗೂ ಗೊತ್ತಿಲ್ಲ, ನಾನ ಹುಡಕತೀನಿ ಅಂತ ಬಂದೆ.”

“ನೀವು?”

“ನಾನೂ ಇದ್ದೀನಿ. ಲೋಹಿತ ಸರ್ ತಪ್ಪಾತ್ರಿ ಅಂದ್ರು. ಸಣ್ಣ ಹುಡುಗ, ಅಂದ್ರ ಆತು.”

ಇವರು ಮಗ್ಗದ ಕುಣಿಯಿಂದ ಎದ್ದು ಬಂದು ಜಮಖಾನೆ ಹಾಸಿದರು. ಇವರಿಬ್ಬರೂ ಕೂತು ಹಳೆಯ ನಾಟಕ ಕಂಪನಿಗಳ ಮಾತಿಗೆ ಬಿದ್ದರು. ಇವರು ಮದುವೆಗೆ ಮೊದಲು ನಾಟಕ ನೋಡಲು ಲಕ್ಷ್ಮೇಶ್ವರಕ್ಕೆ ಸೈಕಲ್ ಮೇಲೆ ಹೋಗುತ್ತಿದ್ದರಂತೆ. ಇಷ್ಟು ವರ್ಷದಲ್ಲಿ ನನಗೆ ಈ ಮಾತು ಹೇಳಿಲ್ಲ. ಡಬ್ಬಿಯಲ್ಲಿ ಶಾವಿಗೆಯ ಪಾಯಸವಿತ್ತು. ನಾನು ಸೋಮವಾರದಿಂದ ಸರಿಯಾಗಿ ಉಂಡಿರಲಿಲ್ಲ. ಖಬರ ಕೇಳಿದ್ದೇ ತಡ ಎಲ್ಲಿಲ್ಲದ ಹಸಿವು ಬಂತು. ಎರಡು ವಾಟಗ ಕುಡಿದು ಡಬ್ಬಿಯನ್ನು ಬೆರಳಿನಿಂದ ಬಳಿದೆ. ಅಂಕಿತಾ “ಅವ್ವಾ, ನನಗ?” ಎಂದು ಕೂಗಿದ್ದು ಆಮೇಲೆ ಕೇಳಿಸಿತು. ಏಲಕ್ಕಿ ಸ್ವಲ್ಪ ಹೆಚ್ಚಾಗಿತ್ತು.

ಸೆಪ್ಟೆಂಬರ್ 8, ಸೋಮವಾರ

ಇಷ್ಟು ದಿನ ಅಳೆದದ್ದೆಲ್ಲ ರದ್ದು. ಮೊದಲಿನಿಂದ ಶುರು.

ಮೇಡಂ ಕೂರಿಸಿಕೊಂಡು ಹೇಳಿದರು. “ತಪ್ಪು ನಂದೂ ಐತಿ. ಏನು ಮಾಡಬಾರದು ಅಂತ ನಾನು ಹೇಳಿದ್ದಿಲ್ಲ. ನೋಡ್ರಿ, ಅವ್ರು ಎಲ್ಲಿ ಕುಂಡ್ರತಾರ ಅನ್ನೋದು ಅವ್ರ ಮನಸ್ಸಿನಿಂದ ಬರಬೇಕು. ನೀವು ಕುರ್ಚಿ ಹಾಕಿದ್ರ ಅದು ನಿಮ್ಮ ಮನಸ್ಸು ಆಗತೈತಿ.”

“ನನ್ನ ಮನಸ್ಸು ಅಲ್ಲರಿ ಮೇಡಂ, ಸ್ಟೂಲು ಒಂದ ಇತ್ತು.”

ಮೇಡಂ ನಕ್ಕರು. ನಾನು ಮಾತ್ರ ಖರೇನೇ ಹೇಳಿದ್ದು. ಇನ್ನು ಮುಂದೆ ಚಹಾ ಪರೀಕ್ಷೆ ಮುಗಿದ ಮೇಲೆ. ಮಂದಿ ಬಂದಾಗ ನಾನು ಬಾಗಿಲ ಹೊರಗೆ. “ಕುರ್ಚಿಗೆ ಕರೆಂಟ್ ಕೊಟ್ಟೀನ್ರಿ ಅವ್ವಾರ, ಮುಟ್ಟೀರಿ ಮತ್ತ” ಎಂದರು ಲೋಹಿತ ಸರ್. ಚೇಷ್ಟೆ ಎಂದು ಗೊತ್ತು. ಆದರೂ ಕಸ ಹೊಡೆಯುವಾಗ ದೂರದಿಂದಲೇ ಹೊಡೆದೆ.

ಸೆಪ್ಟೆಂಬರ್ 17, ಬುಧವಾರ

ಬಾಗಿಲ ಸಂದಿನಿಂದ ಎಲ್ಲ ಕಾಣುತ್ತದೆ. ಕಾಣದಿದ್ದರೇ ಚೆನ್ನಾಗಿತ್ತು.

ವಿಭೂತಿಯ ದಿನ ಬಂದವರು ನಮಸ್ಕಾರ ಮಾಡಿ ಹತ್ತಿರ ಕೂರುತ್ತಾರೆ. ಟೊಪ್ಪಿಗೆಯ ದಿನ ಕುರ್ಚಿ ಎತ್ತಿಕೊಂಡು ಕೋಣೆಯನ್ನೆಲ್ಲ ಸುತ್ತುತ್ತಾರೆ. ಎಲ್ಲರೂ ಅಲ್ಲ. ಇವತ್ತು ಒಬ್ಬ, ಓದಿದವನೇ, ಕಿಟಕಿಯ ಹತ್ತಿರ ಹಾಕಿಕೊಂಡು ಚೀಲವನ್ನು ತೊಡೆಯ ಮೇಲೆ ಅವುಚಿ ಹಿಡಿದು ಕೂತ. ಕಾಕಾ ಏನು ಅವನ ಚೀಲ ಕಸಿದುಕೊಳ್ಳುತ್ತಿದ್ದರೇ? ಸಿಟ್ಟು ತಡೆಯಲಾರದೆ ಪರೀಕ್ಷೆ ಮುಗಿದ ಮೇಲೆ ಅವನಿಗೆ ಸಕ್ಕರೆ ಕಡಿಮೆ ಹಾಕಿ ಚಹಾ ಕೊಟ್ಟೆ. ಇಂಥ ಮಂದಿ ಹೇಗೆ ಹುಟ್ಟುತ್ತಾರೋ.

ಮಧ್ಯಾಹ್ನ ಉಣ್ಣುವಾಗ ಕೇಳಿದೆ.

“ನಿಮಗ ಬ್ಯಾಸರ ಆಗಂಗಿಲ್ಲೇನು ಕಾಕಾ?”

“ಇಷ್ಟು ವರ್ಷ ಪುಕ್ಕಟೆ ದೂರ ಕುಂಡ್ರತಿದ್ರು ತಂಗಿ. ಈಗ ಪಗಾರ ಬರತೈತಿ.” ನಕ್ಕು ಒಂದು ತುತ್ತು ಮುರಿದರು. ಆಮೇಲೆ ನಗಲಿಲ್ಲ. “ಆಗತೈತಿ. ನಾಟಕದಾಗ ಪರದೆ ಬಿದ್ದ ಮ್ಯಾಲೆ ಬಣ್ಣಾ ತಕ್ಕೊಂಡ್ರ ಮುಗೀತು. ಇಲ್ಲಿ ಬಣ್ಣಾ ತಕ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದ್ರೂ ಅದ ಕಥಿ.”

ನಾನು ಉಪ್ಪಿನಕಾಯಿ ಬಡಿಸಿದೆ. “ಭಾಳ ಆತು” ಎಂದರು. ಆದರೂ ತಿಂದರು.

ಅಕ್ಟೋಬರ್ 6, ಸೋಮವಾರ

ದಸರಾ ಮುಗಿಯಿತು. ಡೈರಿ ಎಲ್ಲಿಟ್ಟಿದ್ದೆನೋ ಮರೆತುಹೋಗಿತ್ತು, ದಾರದ ಬುಟ್ಟಿಯಲ್ಲಿ ಸಿಕ್ಕಿತು. ಬರೆಯುವಂಥದ್ದು ಏನೂ ಇಲ್ಲ. ದೀಪಾವಳಿ ಹತ್ತಿರ ಬಂತು. ಕೆಲಸದ ಮಾತು ಮೇಡಂ ಇನ್ನೂ ಎತ್ತಿಲ್ಲ. ತಪ್ಪು ಮಾಡಿದವಳನ್ನು ಮುಂದೆ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಬೆಳಿಗ್ಗೆ ಅನ್ನಿಸುತ್ತದೆ. ಇಟ್ಟುಕೊಂಡರೂ ಇಟ್ಟುಕೊಳ್ಳಬಹುದು ಎಂದು ಚಹಾ ಕುಡಿದ ಮೇಲೆ ಅನ್ನಿಸುತ್ತದೆ.

ಅಕ್ಟೋಬರ್ 17, ಶುಕ್ರವಾರ

ಅಳೆಯುವ ಕೆಲಸ ಇವತ್ತು ಮುಗಿಯಿತು. ನನ್ನ ಕೆಲಸ ಉಳಿಯಿತು.

ಮೇಡಂ ಹೋಗುತ್ತಾ ಹೋಗುತ್ತಾ, ಚಪ್ಪಲಿ ಮೆಟ್ಟುತ್ತಾ ಹೇಳಿದರು. ಇಷ್ಟು ದೊಡ್ಡ ಮಾತನ್ನು ಹಾಗೆ ಹೇಳುವುದೇ? “ಹಬ್ಬ ಮುಗಿಸಿಕೊಂಡು ಬರ್ರಿ. ಮುಂದಿನ ವರ್ಷದ ಕೆಲಸಕ್ಕೂ ನೀವ ಬೇಕು. ಈ ಸಲ ಎಲ್ಲಾ ಮೊದಲ ಹೇಳತೀನಿ.” ಕಾಕಾನಿಗೂ ಕೆಲಸವಿದೆಯಂತೆ, ಧ್ವನಿ ಮುದ್ರಿಸುವುದು ಅದೇನೋ. ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಅವರು ಹೋದ ಮೇಲೆ ಬಹಳ ಹೊತ್ತು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಭುಜದ ಮೇಲಿನಿಂದ ಯಾರೋ ತೊಲೆ ಇಳಿಸಿದ ಹಾಗಾಗಿತ್ತು.

ಒಳಗೆ ಬಂದರೆ ಕೋಣೆ ಖಾಲಿ. ಕಾಕಾ ಒಬ್ಬರೇ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಟೊಪ್ಪಿಗೆ, ಗಡ್ಡ ಇನ್ನೂ ತೆಗೆದಿರಲಿಲ್ಲ. ಕಡೆಗೆ ಬಂದವನು ಬಾಗಿಲ ಹತ್ತಿರವೇ ಕೂತು ಹೋಗಿದ್ದ, ಅವನ ಕುರ್ಚಿ ಇನ್ನೂ ಅಲ್ಲೇ ಇತ್ತು. ನಾನು ಎರಡು ಗ್ಲಾಸು ಚಹಾ ತಂದೆ. ಆ ಕುರ್ಚಿಯನ್ನು ಕಾಲಿನಿಂದ ಅವರ ಪಕ್ಕಕ್ಕೆ ದೂಡಿಕೊಂಡು ಕೂತೆ.

“ಉಳೀತಂತೇನು?”

“ಉಳೀತ್ರಿ ಕಾಕಾ.”

“ನಾ ಅವತ್ತ ಹೇಳಿದ್ದಿಲ್ಲೇನು?”

“ಅವತ್ತ ನೀವು ಅಜ್ಜಾರಿದ್ರಿ.”

ಅವರು ನಕ್ಕ ರಭಸಕ್ಕೆ ಗಡ್ಡದ ಒಂದು ಅಂಚು ಕಿತ್ತು ಬಂತು. ಅದನ್ನು ಹಿಡಿದುಕೊಂಡೇ ಚಹಾ ಕುಡಿದರು.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಲೋಹಿತ ಸರ್, ಕೈಯಲ್ಲಿ ಟೇಪು. ಕಡೆಯವನದನ್ನು ಅಳೆಯಲು ಬಂದಿದ್ದರು. ನಮ್ಮಿಬ್ಬರನ್ನು ನೋಡಿದರು, ಕುರ್ಚಿಗಳನ್ನು ನೋಡಿದರು, ನಡುವಿನ ಜಾಗ ನೋಡಿದರು. ಜಾಗವೇ ಇರಲಿಲ್ಲ. ಕುರ್ಚಿ ಮುಟ್ಟಿಬಿಟ್ಟಿದ್ದೆ.

“ಸರ್, ಅವ ಬಾಗಿಲ ಹತ್ರ ಕುಂತಿದ್ದ, ಅಲ್ಲಿ ಬಿಳೇ ಫರಸಿ ಮ್ಯಾಲೆ” ಎಂದೆ. “ಅಲ್ಲಿಂದ ಅಳಕೊಳ್ರಿ. ನನ್ನ ಬರ್ಕೋಬ್ಯಾಡ್ರಿ. ನಾನು ಕಾಲು ನೋಯ್ತಾವಂತ ಕುಂತೀನಿ.”

ಲೋಹಿತ ಸರ್ ಟೇಪನ್ನು ಸುತ್ತಿ ಕಿಸೆಯಲ್ಲಿಟ್ಟುಕೊಂಡರು. ನಗುತ್ತಾ ಒಳಗೆ ಹೋದರು. ಯಾಕೆ ನಕ್ಕರೋ ತಿಳಿಯಲಿಲ್ಲ. ನನಗೆ ನಿಜವಾಗಿಯೂ ಕಾಲು ನೋಯುತ್ತಿದ್ದವು.